ಕರುಳು ಕೊರೆದ ಕಳ್ಳದಾರಿ

ಮೂತ್ರ ಮಾಡುವಾಗ ಕೊನೆಯಲ್ಲಿ ಗುಳುಗುಳು ಎಂದು ಗಾಳಿ ಹೊರಬರುತ್ತದೆ ಎಂದು ಯಾರಾದರೂ ಹೇಳಿಕೊಂಡರೆ ಕೇಳಿದವರಿಗೆ ನಗು ಬರಬಹುದು. ಹೇಳುವವರು ಅದಕ್ಕೂ ಮೊದಲೇ ನಾಚಿ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಆದರೆ ವೈದ್ಯರ ಕಿವಿಗೆ ಇದು ಬಲು ದೊಡ್ಡ ಸುಳಿವು. ಮೂತ್ರಕೋಶದೊಳಗೆ ಗಾಳಿ ಸೇರಲು ಇರುವ ಕಾರಣಗಳು ಕೆಲವೇ. ಇತ್ತೀಚೆಗೆ ನಳಿಕೆ ಹಾಕಿ ತೆಗೆದಿರಬೇಕು, ಇಲ್ಲವೇ ಸಕ್ಕರೆ ಕಾಯಿಲೆಯವರಲ್ಲಿ ಅನಿಲ ಹುಟ್ಟಿಸುವ ಬ್ಯಾಕ್ಟೀರಿಯಾ ಸೇರಿರಬೇಕು. ಎರಡೂ ಅಲ್ಲವೆಂದಾದರೆ ದೊಡ್ಡ ಕರುಳಿಗೂ ಮೂತ್ರಕೋಶಕ್ಕೂ ನಡುವೆ ದಾರಿಯೊಂದು ಬಿದ್ದಿದೆ ಎಂದೇ ಹಿಡಿದು ಹುಡುಕಬೇಕು.

ಎರಡು ಅಂಗಗಳ ನಡುವೆ, ಅಥವಾ ಅಂಗಕ್ಕೂ ಹೊರಚರ್ಮಕ್ಕೂ ನಡುವೆ, ಇರಬಾರದ ಕಡೆ ಬಿದ್ದ ಇಂಥ ದಾರಿಯೇ ಫಿಸ್ಟುಲಾ. ನಮ್ಮಲ್ಲಿ ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಮೂಲವ್ಯಾಧಿ, ಫಿಸ್ಟುಲಾ’ ಎಂದು ಒಟ್ಟಿಗೆ ಬರೆದಿರುವುದನ್ನು ನೋಡಿ ನೋಡಿ, ಫಿಸ್ಟುಲಾ ಎಂದರೆ ಗುದದ ಪಕ್ಕದ ಭಗಂದರ ಎಂಬ ಎಣಿಕೆ ಬೇರೂರಿದೆ. ಭಗಂದರದ ಕತೆ ಬೇರೆ. ಅದಕ್ಕೆ ಔಷಧಿ ಲೇಪಿಸಿದ ದಾರ ಕಟ್ಟುವ ಕ್ಷಾರಸೂತ್ರವೂ ಉಂಟು, ಶಸ್ತ್ರಚಿಕಿತ್ಸೆಯೂ ಉಂಟು. ಇವೆರಡನ್ನೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಹಲವು ಆಸ್ಪತ್ರೆಗಳಲ್ಲಿ ಹೋಲಿಸಿ ನೋಡಿ 1991ರಲ್ಲಿ ವರದಿ ಪ್ರಕಟಿಸಿತು. ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಮೇಲಿನ ದೊಡ್ಡ ಕರುಳಿನ ಫಿಸ್ಟುಲಾಗಳ ಬಗ್ಗೆ. ಭಗಂದರಕ್ಕೆ ಹೋಲಿಸಿದರೆ ಇವು ಅಪರೂಪ. ಬಂದರೆ ಮಾತ್ರ ಮನೆಯವರನ್ನೂ ಆಸ್ಪತ್ರೆಯವರನ್ನೂ ತಿಂಗಳಾನುಗಟ್ಟಲೆ ಕಾಡುತ್ತವೆ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಒಳಗಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಅದರ ಗೋಡೆ ಎಲ್ಲಾದರೂ ತೂತಾದರೆ ಎರಡರಲ್ಲಿ ಒಂದು ಆಗುತ್ತದೆ. ಮಲ ಹೊಟ್ಟೆಯ ತುಂಬ ಹರಡಿದರೆ ರೋಗಿ ಗಂಟೆಗಳಲ್ಲಿ ಅಪಾಯಕ್ಕೆ ಸಿಲುಕುತ್ತಾನೆ. ಹಾಗಾಗದೆ ಸುತ್ತಲಿನ ಅಂಗಗಳು ಬಂದು ತೂತಿಗೆ ಅಂಟಿಕೊಂಡರೆ ಅಲ್ಲೇ ಕೀವಿನ ಗಡ್ಡೆಯಾಗುತ್ತದೆ. ಕೀವಿಗೆ ಹೊರಹೋಗಲು ದಾರಿ ಬೇಕು. ಪಕ್ಕದ ಅಂಗದ ಗೋಡೆಯನ್ನು ತಿಂದು ಅದರೊಳಕ್ಕೆ ಒಡೆದುಕೊಂಡಾಗ ರೋಗಿಗೆ ನೋವು ಕಡಿಮೆಯಾಗುತ್ತದೆ, ಜ್ವರ ಇಳಿಯುತ್ತದೆ. ವಾಸಿಯಾಯಿತೆಂದು ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸಿ ಬರುತ್ತಾರೆ. ಮುಂದಿನ ವಾರ ಮೂತ್ರ ಕದಡುತ್ತದೆ. ಫಿಸ್ಟುಲಾ ಶುರುವಾಗುವುದು ಎಷ್ಟೋ ಸಲ ಹೀಗೆ, ಗುಣವಾದಂತೆ ತೋರಿಸಿಕೊಂಡೇ.

ಗೋಡೆ ತೂತಾಗುವ ಕಾರಣ ದೇಶದಿಂದ ದೇಶಕ್ಕೆ ಬೇರೆ. ಯುರೋಪು, ಅಮೆರಿಕಗಳಲ್ಲಿ ಮೊದಲ ಸ್ಥಾನ ಡೈವರ್ಟಿಕ್ಯುಲಾಗಳದ್ದು. ವಯಸ್ಸಾದಂತೆ ದೊಡ್ಡ ಕರುಳಿನ ಗೋಡೆ ಅಲ್ಲಲ್ಲಿ ಸಣ್ಣ ಚೀಲಗಳಾಗಿ ಹೊರಕ್ಕೆ ಉಬ್ಬುತ್ತದೆ. ಅರವತ್ತು ದಾಟಿದ ಪಾಶ್ಚಾತ್ಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಇವು ಇರುತ್ತವೆ. ಅವರಲ್ಲಿ ಬಹುಪಾಲು ಜನರಿಗೆ ಅದು ಗೊತ್ತಾಗುವುದೇ ಇಲ್ಲ. ಕೆಲವರಲ್ಲಿ ಮಾತ್ರ ಚೀಲ ಊದಿ, ಒಡೆದು, ಕೀವಾಗುತ್ತದೆ. ನಾರಿಲ್ಲದ ಊಟವೇ ಇದಕ್ಕೆ ಕಾರಣ ಎಂದು ಪೇಂಟರ್ ಮತ್ತು ಬರ್ಕಿಟ್ ಎಂಬ ಇಬ್ಬರು ವೈದ್ಯರು 1971ರಲ್ಲಿ ವಾದಿಸಿದರು. ಆ ವಾದ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಕೂತಿತ್ತು. ಈಚಿನ ಅಧ್ಯಯನಗಳು ಅದನ್ನು ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಜಪಾನ್, ಕೊರಿಯಾ, ಚೀನಾಗಳಲ್ಲಿ ಇದೇ ಚೀಲಗಳು ಕರುಳಿನ ಬಲಭಾಗದಲ್ಲಿ ಹೆಚ್ಚು. ಮೂತ್ರಕೋಶ ಇರುವುದು ಎಡಭಾಗದ ಸಿಗ್ಮಾಯ್ಡ್ ಕರುಳಿನ ಮಗ್ಗುಲಲ್ಲಿ, ಆದ್ದರಿಂದ ಆ ದೇಶಗಳಲ್ಲಿ ಮೂತ್ರಕೋಶದ ಫಿಸ್ಟುಲಾ ಕಡಿಮೆ.

ಭಾರತದ ಶಸ್ತ್ರಚಿಕಿತ್ಸಕರ ಮನಸ್ಸಿಗೆ ಬರುವ ಪಟ್ಟಿ ಬೇರೆ: ಕ್ಷಯ, ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರಿಗೆ ಕೊಟ್ಟ ವಿಕಿರಣ ಚಿಕಿತ್ಸೆ, ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ಯಾವುದೋ ಆಪರೇಷನ್ನಿನಲ್ಲಿ ಬಿಟ್ಟುಕೊಂಡ ಹೊಲಿಗೆ. ಈ ಪಟ್ಟಿಯನ್ನು ಮರೆತು ಪಾಶ್ಚಾತ್ಯ ಅಂಕಿಅಂಶಗಳನ್ನು ನಮ್ಮ ರೋಗಿಗೆ ಹಚ್ಚುವುದು ಸರಿಯಲ್ಲ. ಫಲಿತಾಂಶವನ್ನು ನಿರ್ಧರಿಸುವುದು ತೂತು ಎಲ್ಲಿದೆ ಎಂಬುದಕ್ಕಿಂತ ಅದನ್ನು ಕೊರೆದದ್ದು ಏನು ಎಂಬುದು.

ಈ ಗುಂಪಿನಲ್ಲಿ ಹೆಚ್ಚು ಅಧ್ಯಯನವಾಗಿರುವುದು ಕರುಳು ಮತ್ತು ಮೂತ್ರಕೋಶದ ನಡುವಿನ ಫಿಸ್ಟುಲಾ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 1988ರಲ್ಲಿ ಪ್ರಕಟಿಸಿದ ವರದಿಯನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಅಲ್ಲಿ ಡೈವರ್ಟಿಕ್ಯುಲಾ ಕಾಯಿಲೆಗೆ ಆಪರೇಷನ್ ಆದ 412 ಮಂದಿಯಲ್ಲಿ 84 ಜನರಿಗೆ ಒಳಫಿಸ್ಟುಲಾ ಇತ್ತು, ಅಂದರೆ ಐವರಲ್ಲಿ ಒಬ್ಬರಿಗೆ. ಆ ಫಿಸ್ಟುಲಾಗಳಲ್ಲಿ ಸುಮಾರು ಮೂರನೇ ಎರಡು ಪಾಲು ಮೂತ್ರಕೋಶಕ್ಕೆ, ಕಾಲು ಪಾಲು ಯೋನಿಗೆ, ಉಳಿದವು ಸಣ್ಣ ಕರುಳಿಗೆ, ಗರ್ಭಕೋಶಕ್ಕೆ. ಇದು ಆಪರೇಷನ್‌ವರೆಗೆ ಹೋದವರ ಲೆಕ್ಕ. ಕಾಯಿಲೆ ಇರುವ ಎಲ್ಲರ ಲೆಕ್ಕವೆಂದು ತಿಳಿದು ಹೆದರಬೇಕಿಲ್ಲ.

ಗಂಡಸರಲ್ಲಿ ಮೂತ್ರಕೋಶದ ಫಿಸ್ಟುಲಾ ಹೆಂಗಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಹೆಣ್ಣಿನ ದೇಹದಲ್ಲಿ ಕರುಳಿಗೂ ಮೂತ್ರಕೋಶಕ್ಕೂ ನಡುವೆ ಗರ್ಭಕೋಶ ಅಡ್ಡ ಕೂತಿರುತ್ತದೆ. ಅದನ್ನು ತೆಗೆಸಿಕೊಂಡವರಿಗೆ ಈ ಕಾವಲು ಇಲ್ಲ. ಮೂತ್ರಕೋಶ ಅಥವಾ ಯೋನಿಗೆ ಫಿಸ್ಟುಲಾ ಆದ ಹೆಂಗಸರಲ್ಲಿ ಬಹುಪಾಲು ಜನ ಹಿಂದೆ ಗರ್ಭಕೋಶ ತೆಗೆಸಿಕೊಂಡವರೇ. ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಮೂವತ್ತು, ಮೂವತ್ತೈದರ ಹೆಂಗಸರಿಗೂ ಅಗತ್ಯವಿಲ್ಲದೆ ಗರ್ಭಕೋಶ ತೆಗೆಯುತ್ತಾರೆಂಬ ದೂರು ಹಲವು ವರ್ಷಗಳಿಂದಿದೆ. ಅದರ ವಿರುದ್ಧ ಹೇಳಲು ಇದಕ್ಕಿಂತ ದೊಡ್ಡ ಕಾರಣಗಳಿವೆ, ನಿಜ. ಇದನ್ನೂ ಆ ಸಾಲಿಗೆ ಸೇರಿಸಬಹುದು.

ಲಕ್ಷಣಗಳು ಕರುಳಿನವಲ್ಲ, ಮೂತ್ರದವು. ಹಾಗಾಗಿ ರೋಗಿ ಮೊದಲು ಹೋಗುವುದು ಮೂತ್ರರೋಗ ತಜ್ಞರ ಬಳಿಗೆ, ಅದಕ್ಕೂ ಮೊದಲು ಬೀದಿ ಕೊನೆಯ ಔಷಧಿ ಅಂಗಡಿಗೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂತ್ರದಲ್ಲಿ ಗಾಳಿ, ಅದಕ್ಕಿಂತ ತುಸು ಕಡಿಮೆ ಮಂದಿಗೆ ಮೂತ್ರದಲ್ಲಿ ಮಲದ ಕಣ. ಬಹುತೇಕ ಎಲ್ಲರಿಗೂ ಮರುಕಳಿಸುವ ಉರಿಮೂತ್ರ. ಮೂತ್ರವನ್ನು ಕಲ್ಚರ್‌ಗೆ ಕಳಿಸಿದರೆ ಒಂದಲ್ಲ, ಎರಡು ಮೂರು ಬಗೆಯ ಕರುಳಿನ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಲ್ಯಾಬಿನವರು ‘ಮಾದರಿ ಕಲುಷಿತವಾಗಿದೆ, ಮತ್ತೊಮ್ಮೆ ಕಳಿಸಿ’ ಎಂದು ಬರೆದು ಕೈತೊಳೆದುಕೊಳ್ಳುವುದೂ ಉಂಟು. ಪ್ರತಿ ಸಲವೂ ಆಂಟಿಬಯೋಟಿಕ್, ಒಂದು ವಾರ ಆರಾಮ, ಮತ್ತೆ ಅದೇ ಹಾಡು. ಕರುಳಿನೊಳಗಿನ ಒತ್ತಡ ಮೂತ್ರಕೋಶದೊಳಗಿನದಕ್ಕಿಂತ ಹೆಚ್ಚಾದ್ದರಿಂದ ಮಲವೇ ಮೂತ್ರದತ್ತ ಬರುತ್ತದೆ. ಮೂತ್ರ ಗುದದ ಕಡೆಗೆ ಹೋಗುವುದು ಅಪರೂಪ.

ಪತ್ತೆಯ ವಿಷಯಕ್ಕೆ ಬಂದರೆ ನಮ್ಮ ಅಡುಗೆಮನೆಯ ಪದಾರ್ಥವೊಂದು ಇಲ್ಲಿ ಹಾಜರಾಗುತ್ತದೆ: ಗಸಗಸೆ. ರೋಗಿಗೆ ಸುಮಾರು 50 ಗ್ರಾಂ ಗಸಗಸೆಯನ್ನು ಮೊಸರಿನಲ್ಲಿ ಕಲಸಿ ತಿನ್ನಿಸಿ, ಎರಡು ದಿನ ಅವರ ಮೂತ್ರವನ್ನು ಸೋಸಿ ನೋಡುತ್ತಾರೆ. ಗಸಗಸೆ ಜೀರ್ಣವಾಗದೆ ಹಾಗೆಯೇ ಹೊರಬರುತ್ತದೆ. ಮೂತ್ರದಲ್ಲಿ ಒಂದೆರಡು ಕಾಳು ಕಂಡರೂ ದಾರಿ ಇದೆ ಎಂದು ಖಾತ್ರಿ. ಯುರೋಪಿನ ಗಸಗಸೆ ನೀಲಿಗಪ್ಪು, ಕಣ್ಣಿಗೆ ಬೇಗ ಬೀಳುತ್ತದೆ. ನಮ್ಮದು ಬಿಳಿ, ತುಸು ಕಣ್ಣಿಟ್ಟು ಹುಡುಕಬೇಕು. ಪಾಯಸಕ್ಕೆ ಮಾಡುವಂತೆ ರುಬ್ಬಿಬಿಟ್ಟರಂತೂ ಪರೀಕ್ಷೆ ಕೆಟ್ಟಿತು. ಕೇಳಲು ಅಜ್ಜಿಮದ್ದಿನಂತಿದ್ದರೂ ಪ್ರಕಟಿತ ವರದಿಗಳಲ್ಲಿ ಇದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಸರಿಯಾದ ಉತ್ತರ ಕೊಟ್ಟು ಸಿಟಿ ಸ್ಕ್ಯಾನನ್ನೇ ಹಿಂದೆ ಹಾಕಿದೆ. ಖರ್ಚು ಕೆಲವೇ ರೂಪಾಯಿ. ಆದರೆ ದಾರಿ ಇದೆಯೆಂದು ಹೇಳುತ್ತದೆಯೇ ಹೊರತು ಎಲ್ಲಿಂದ, ಏಕೆ ಎಂದು ಹೇಳುವುದಿಲ್ಲ.

ಅದಕ್ಕೆ ಸಿಟಿಯೇ ಬೇಕು. ಮೂತ್ರಕೋಶದಲ್ಲಿ ಗಾಳಿಯ ಗುಳ್ಳೆ, ಅದರ ಪಕ್ಕಕ್ಕೆ ಅಂಟಿಕೊಂಡ ದಪ್ಪಗೋಡೆಯ ಕರುಳು, ನಡುವೆ ಕೀವು ಎಲ್ಲವೂ ಅದರಲ್ಲಿ ಕಾಣುತ್ತವೆ. ಮೂತ್ರಕೋಶದೊಳಕ್ಕೆ ದುರ್ಬೀನು ಇಳಿಸಿದರೆ ಕೆಂಪಗೆ ಊದಿದ ಜಾಗ ಸಿಗುತ್ತದೆ, ತೂತೇ ಕಾಣುವುದು ಕೆಲವರಲ್ಲಿ ಮಾತ್ರ. ಕೊಲೊನೊಸ್ಕೋಪಿಗಂತೂ ತೂತು ಸಿಗುವುದೇ ಕಡಿಮೆ, ಆದರೂ ಅದನ್ನು ಬಿಡುವಂತಿಲ್ಲ. ಅದು ಹುಡುಕುವುದು ತೂತನ್ನಲ್ಲ, ಕ್ಯಾನ್ಸರನ್ನು. ಮೂತ್ರಕೋಶದ ಈ ಫಿಸ್ಟುಲಾಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಕರುಳಿನ ಕ್ಯಾನ್ಸರಿನಿಂದ ಆದವು. ಆ ಉತ್ತರ ಸಿಗುವ ಮುನ್ನ ಚಾಕು ಹಿಡಿದರೆ ಆಪರೇಷನ್ನಿನ ಲೆಕ್ಕಾಚಾರವೇ ತಪ್ಪುತ್ತದೆ.

ಈ ರೋಗ ಹಳೆಯದು. ಗ್ರೀಕ್ ವೈದ್ಯ ಎಫೆಸಸ್ಸಿನ ರೂಫಸ್ ಇದನ್ನು ಬರೆದಿಟ್ಟಿದ್ದಾನೆ ಎನ್ನುತ್ತಾರೆ. 1888ರಲ್ಲಿ ಲಂಡನ್ನಿನ ಶಸ್ತ್ರಚಿಕಿತ್ಸಕ ಹ್ಯಾರಿಸನ್ ಕ್ರಿಪ್ಸ್ ಇದೇ ವಿಷಯದ ಮೇಲೆ ಪುಸ್ತಕ ಬರೆದು, ಹೊಟ್ಟೆಯ ಮೇಲೆ ಕರುಳಿನ ಬಾಯಿ ತೆರೆದು ಮಲವನ್ನು ಬೇರೆಡೆಗೆ ತಿರುಗಿಸುವುದೇ ದಾರಿ ಎಂದ. ಆ ಕಾಲಕ್ಕೆ ಅದು ಸರಿಯೇ. ಮುಂದೆ ಮೂರು ಹಂತದ ಆಪರೇಷನ್ ಬಂತು: ಮೊದಲು ಮಲ ತಿರುಗಿಸುವುದು, ತಿಂಗಳುಗಳ ನಂತರ ಕೆಟ್ಟ ಕರುಳು ತೆಗೆಯುವುದು, ಮತ್ತೆ ಕೆಲವು ತಿಂಗಳು ಬಿಟ್ಟು ಬಾಯಿ ಮುಚ್ಚುವುದು. ರೋಗಿಯ ಒಂದು ವರ್ಷ ಆಸ್ಪತ್ರೆಯಲ್ಲೇ ಕಳೆಯುತ್ತಿತ್ತು. ಈಗ ಕೀವು, ಜ್ವರ ಹತೋಟಿಯಲ್ಲಿದ್ದು ರೋಗಿ ಗಟ್ಟಿಯಾಗಿದ್ದರೆ ಒಂದೇ ಸಲಕ್ಕೆ ಕೆಟ್ಟ ಕರುಳು ತೆಗೆದು, ಉಳಿದ ತುದಿಗಳನ್ನು ಜೋಡಿಸಿಬಿಡುತ್ತಾರೆ. ಮೂತ್ರಕೋಶದ ತೂತು ಸಾಮಾನ್ಯವಾಗಿ ಸಣ್ಣದು. ಒಂದೆರಡು ಹೊಲಿಗೆ ಹಾಕಿಯೋ ಹಾಕದೆಯೋ, ಒಂದು ವಾರ ಹತ್ತು ದಿನ ನಳಿಕೆಯಲ್ಲಿ ಮೂತ್ರ ಹರಿಯಬಿಟ್ಟರೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಎರಡರ ನಡುವೆ ಹೊಟ್ಟೆಯ ಕೊಬ್ಬಿನ ಪರದೆಯನ್ನು ತಂದು ಹೊದಿಸುವ ರೂಢಿಯೂ ಇದೆ.

ಫಲಿತಾಂಶ ಒಳ್ಳೆಯದೇ. ಕಾರಣ ಡೈವರ್ಟಿಕ್ಯುಲಾ ಆಗಿದ್ದು, ಕೆಟ್ಟ ಭಾಗ ಪೂರ್ತಿ ಹೊರಬಂದಿದ್ದರೆ ಫಿಸ್ಟುಲಾ ಮರಳುವುದು ಅಪರೂಪ. ಕ್ಲೀವ್‌ಲ್ಯಾಂಡ್ ವರದಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ ಮೂರು ನಾಲ್ಕರ ಆಸುಪಾಸಿನಲ್ಲಿತ್ತು; ಅದು ಮೂರು ನಾಲ್ಕು ದಶಕ ಹಿಂದಿನ ಮಾತು. ಇಂದು ಲ್ಯಾಪರೋಸ್ಕೋಪಿಯಲ್ಲೂ ಮಾಡುತ್ತಾರೆ, ಆದರೆ ಅಂಗಗಳು ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ನಡುವೆ ಹೊಟ್ಟೆ ತೆರೆಯಬೇಕಾದ ಸಂದರ್ಭ ಸಾಮಾನ್ಯ ಕರುಳಿನ ಆಪರೇಷನ್ನಿಗಿಂತ ಬಹಳ ಹೆಚ್ಚು. ಹಾಗೆ ತೆರೆದರೆ ಅದು ಸೋಲಲ್ಲ. ಲ್ಯಾಪರೋಸ್ಕೋಪಿಯ ಹಟಕ್ಕೆ ಬಿದ್ದು ಮೂತ್ರನಾಳ ಕತ್ತರಿಸಿಕೊಳ್ಳುವುದಕ್ಕಿಂತ ಮೇಲು. ತೀರಾ ವಯಸ್ಸಾಗಿ, ಹೃದಯ ದುರ್ಬಲವಾಗಿರುವವರಿಗೆ ಆಂಟಿಬಯೋಟಿಕ್ ಕೊಟ್ಟು ಆಪರೇಷನ್ ಇಲ್ಲದೆ ನೋಡಿಕೊಂಡ ಸಣ್ಣ ವರದಿಗಳೂ ಇವೆ. ಫಿಸ್ಟುಲಾ ಮುಚ್ಚದಿದ್ದರೂ ಅವರಲ್ಲಿ ಹಲವರು ವರ್ಷಗಟ್ಟಲೆ ಬದುಕಿದರು. ಪ್ರತಿ ತೂತನ್ನೂ ಮುಚ್ಚಲೇಬೇಕೆಂದಿಲ್ಲ.

ಯೋನಿಗೆ ಬಿದ್ದ ದಾರಿಯ ಬಗ್ಗೆ ಅಂಕಿಗಳು ಕಡಿಮೆ, ಸಂಕಟ ಹೆಚ್ಚು. ಗಾಳಿ, ಮಲ ಎರಡೂ ತಡೆಯಿಲ್ಲದೆ ಬರುತ್ತವೆ. ಹೆಂಗಸರು ಇದನ್ನು ಗಂಡನಿಗೂ ಹೇಳುವುದಿಲ್ಲ. ಮದುವೆ ಮುಂಜಿಗೆ ಹೋಗುವುದು ಬಿಡುತ್ತಾರೆ, ಬಸ್ಸು ಹತ್ತುವುದು ಬಿಡುತ್ತಾರೆ, ಕೊನೆಗೆ ಊಟವನ್ನೇ ಕಡಿಮೆ ಮಾಡುತ್ತಾರೆ, ತಿಂದರೆ ತಾನೇ ಬರುವುದು ಎಂದು. ಆಪರೇಷನ್ ಮೇಜಿಗೆ ಬರುವ ಹೊತ್ತಿಗೆ ಅವರಲ್ಲಿ ರಕ್ತವಿಲ್ಲ, ಮಾಂಸವಿಲ್ಲ. ಶಸ್ತ್ರಚಿಕಿತ್ಸೆಯ ತಂತ್ರ ಮೂತ್ರಕೋಶದ್ದರಂತೆಯೇ. ಫಲಿತಾಂಶವೂ ಅದೇ ಮಟ್ಟದ್ದು. ಹೊತ್ತಾಗಿ ಬರುವುದೇ ಇಲ್ಲಿನ ದೊಡ್ಡ ತೊಡಕು.

ಚರ್ಮಕ್ಕೆ ತೆರೆದುಕೊಂಡ ಫಿಸ್ಟುಲಾ ಇವೆರಡಕ್ಕಿಂತ ಬೇರೆ ಜಾತಿಯದು. ಇದು ಬಹುಪಾಲು ಆಪರೇಷನ್ನಿನ ನಂತರ ಬರುವಂಥದ್ದು. ಕರುಳು ಜೋಡಿಸಿದ ಹೊಲಿಗೆ ಐದನೇ ದಿನವೋ ಏಳನೇ ದಿನವೋ ಬಿಟ್ಟುಕೊಂಡು, ಗಾಯದಿಂದಲೋ ಡ್ರೇನ್ ನಳಿಕೆಯಿಂದಲೋ ಮಲ ಬರತೊಡಗುತ್ತದೆ. ಡ್ರೆಸಿಂಗ್ ಬಿಚ್ಚಿದಾಗ ಮೊದಲು ವಾಸನೆ, ಆಮೇಲೆ ಬಣ್ಣ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ಮುಖ ತಿರುಗಿಸಿಕೊಳ್ಳುತ್ತಾರೆ. ಕರುಳುಬಾಲದ ಆಪರೇಷನ್ನಿನ ನಂತರ ಬಲಗಡೆ ಹೊಟ್ಟೆಯಿಂದ ಮಲ ಬರುತ್ತಿದ್ದರೆ ನಮ್ಮಲ್ಲಿ ಕ್ಷಯ, ಕ್ಯಾನ್ಸರ್ ಎರಡನ್ನೂ ನೆನೆಯಬೇಕು. ಕಾರಣ ಮೊದಲೇ ಅಲ್ಲಿತ್ತು, ಕರುಳುಬಾಲವೆಂದು ಕರೆಸಿಕೊಂಡಿತ್ತು ಅಷ್ಟೆ.

ಇಂಥವರ ಚಿಕಿತ್ಸೆಯ ಇತಿಹಾಸದಲ್ಲಿ 1960 ಒಂದು ಮೈಲಿಗಲ್ಲು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಎಡ್ಮಂಡ್ಸ್ ಮತ್ತು ಸಂಗಡಿಗರು ಹೊರಕ್ಕೆ ತೆರೆದ 157 ಫಿಸ್ಟುಲಾ ರೋಗಿಗಳ ಲೆಕ್ಕ ಕೊಟ್ಟರು. ಒಟ್ಟು ಸಾವು ನೂರಕ್ಕೆ 43. ಬಿಡಿಸಿ ನೋಡಿದರೆ ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗದ ಫಿಸ್ಟುಲಾಗಳಲ್ಲಿ ನೂರಕ್ಕೆ 62, ಸಣ್ಣ ಕರುಳಿನದರಲ್ಲಿ 54, ದೊಡ್ಡ ಕರುಳಿನದರಲ್ಲಿ 16. ಕೊಲ್ಲುವುದು ಮೂರು ಸೇರಿ ಎಂದು ಅವರು ಗುರುತಿಸಿದರು: ಅಪೌಷ್ಟಿಕತೆ, ಲವಣಗಳ ಏರುಪೇರು, ಸೋಂಕು. ದೊಡ್ಡ ಕರುಳಿನವರು ಹೆಚ್ಚು ಬದುಕಿದ್ದೇಕೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಸಣ್ಣ ಕರುಳಿನಿಂದ ದಿನಕ್ಕೆ ಲೀಟರುಗಟ್ಟಲೆ ರಸ ಹರಿದುಹೋಗಬಹುದು. ದೊಡ್ಡ ಕರುಳಿನ ಹೊತ್ತಿಗೆ ಆಹಾರ ಜೀರ್ಣವಾಗಿ, ನೀರೂ ಹೀರಿಕೊಂಡು ಆಗಿರುತ್ತದೆ. ಹೊರಹೋಗುವುದು ಸಾಮಾನ್ಯವಾಗಿ ದಿನಕ್ಕೆ 200 ಮಿಲಿಲೀಟರಿಗೂ ಕಡಿಮೆ. ಲವಣ, ಪೋಷಣೆ ಎರಡರ ಕಾಟ ಇಲ್ಲಿ ಅಷ್ಟಿಲ್ಲ. ಉಳಿಯುವುದು ಮೂರನೆಯದು, ಸೋಂಕು. ದೊಡ್ಡ ಕರುಳಿನ ಫಿಸ್ಟುಲಾದಿಂದ ಸಾಯುವವರು ಸಾಯುವುದು ಹೆಚ್ಚಾಗಿ ಅದರಿಂದಲೇ.

1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚಾಪ್‌ಮನ್, ಫೋರನ್, ಡನ್ಫಿ ಮೂವರೂ ಚಿಕಿತ್ಸೆಗೆ ಒಂದು ಕ್ರಮ ಹಾಕಿಕೊಟ್ಟರು. ಮೊದಲು ರಕ್ತ, ದ್ರವ ತುಂಬಿಸಿ, ಕೀವನ್ನು ಹೊರತೆಗೆಯಿರಿ, ಚರ್ಮ ಕಾಪಾಡಿ, ಪೋಷಣೆ ಕೊಡಿ, ಫಿಸ್ಟುಲಾ ಮುಚ್ಚುವ ಆಪರೇಷನ್ ಎಲ್ಲಕ್ಕಿಂತ ಕೊನೆಗೆ. ಸಾಕಷ್ಟು ಪೋಷಣೆ ಸಿಕ್ಕವರಲ್ಲಿ ಸಾವು ಬಹಳ ಕಡಿಮೆ ಎಂದು ಅವರು ತೋರಿಸಿದರು. 1968ರಲ್ಲಿ ಪೆನ್ಸಿಲ್ವೇನಿಯಾದ ಸ್ಟ್ಯಾನ್ಲಿ ಡಡ್ರಿಕ್ ನಾಯಿಮರಿಗಳಿಗೆ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಟ್ಟು ಬೆಳೆಸಬಹುದೆಂದು ಸಾಧಿಸಿದ ಮೇಲೆ ಫಿಸ್ಟುಲಾ ಚಿಕಿತ್ಸೆಯಲ್ಲಿ ಹೊಸ ಹುರುಪು ಬಂತು. 1973ರಲ್ಲಿ ಅದೇ ಬಳಗ ಪ್ರಕಟಿಸಿದ ವರದಿಯಲ್ಲಿ ಸಾವು ನೂರಕ್ಕೆ ಆರರ ಸುತ್ತಮುತ್ತ, ತಾನಾಗಿ ಮುಚ್ಚಿದ್ದು ನೂರಕ್ಕೆ ಎಪ್ಪತ್ತು.

ಇದನ್ನು ಓದಿದವರಿಗೆ ಡ್ರಿಪ್ಪಿನ ಆಹಾರವೇ ಸಾವನ್ನು ತಡೆಯಿತು ಎನ್ನಿಸುತ್ತದೆ. 1979ರಲ್ಲಿ ಸೂಟರ್ಸ್, ಎಬೀಡ್, ಫಿಶರ್ ಮೂವರೂ 404 ರೋಗಿಗಳನ್ನು ಕಾಲಮಾನದಿಂದ ಕಾಲಮಾನಕ್ಕೆ ಹೋಲಿಸಿ ತಣ್ಣೀರೆರಚಿದರು. ಸಾವಿನ ಪ್ರಮಾಣ ಇಳಿದದ್ದು 1960ರ ದಶಕದಲ್ಲಿ, ಅಂದರೆ ರಕ್ತನಾಳದ ಆಹಾರ ಬಳಕೆಗೆ ಬರುವ ಮುನ್ನವೇ. ಅದಕ್ಕೆ ಕಾರಣ ಒಳ್ಳೆಯ ಆಂಟಿಬಯೋಟಿಕ್‌ಗಳು, ತೀವ್ರ ನಿಗಾ ಘಟಕಗಳು, ಲವಣಗಳ ಅರಿವು. ಹೊಸ ಆಹಾರ ಹೆಚ್ಚಿಸಿದ್ದು ತಾನಾಗಿ ಮುಚ್ಚಿಕೊಳ್ಳುವವರ ಸಂಖ್ಯೆಯನ್ನು. ಈ ಅಧ್ಯಯನ ನನಗೆ ಬಹಳ ಹಿಡಿಸಿದ್ದು. ಒಂದು ಹೊಸ ತಂತ್ರ ಬಂದಾಗ ಅದಕ್ಕೇ ಎಲ್ಲ ಯಶಸ್ಸನ್ನೂ ಬರೆದುಕೊಡುವ ಚಾಳಿ ಈಗಲೂ ಹೋಗಿಲ್ಲ.

ದೊಡ್ಡ ಕರುಳಿನ ಫಿಸ್ಟುಲಾ ಇರುವವರಿಗೆ ಬಾಯಿಂದ ಉಣ್ಣಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಇದನ್ನು ಮನೆಯವರಿಗೆ ಒಪ್ಪಿಸುವುದೇ ಕಷ್ಟ. ಹೊಟ್ಟೆಯಿಂದ ಮಲ ಬರುತ್ತಿರುವಾಗ ಊಟ ಕೊಡುವುದೆಂತು ಎಂದು ತಿಳಿಗಂಜಿ, ತಿಳಿಸಾರು, ಎಳನೀರಿನಲ್ಲೇ ವಾರ ಕಳೆಯುತ್ತಾರೆ. ಅರವತ್ತು ಕೆ.ಜಿ. ತೂಕದ ಇಂಥ ರೋಗಿಗೆ ದಿನಕ್ಕೆ ಸುಮಾರು 1,800 ಕ್ಯಾಲರಿ, 90 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಗಂಜಿ ಎಷ್ಟು ಕುಡಿದರೂ ಆ ಲೆಕ್ಕ ತುಂಬುವುದಿಲ್ಲ. ಮೊಟ್ಟೆ, ಮೊಸರು, ಬೇಳೆ, ಮೀನು, ಬೇಕಾದರೆ ಪ್ರೋಟೀನ್ ಪುಡಿ, ಏನಾದರೂ ಸರಿ, ದಿನದ ಲೆಕ್ಕ ಬರೆದಿಟ್ಟು ಕೊಡಬೇಕು.

ಚರ್ಮದ ಆರೈಕೆ ನರ್ಸುಗಳ ಕೈಚಳಕ. ತೂತಿನ ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡು, ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ, ಮಲ ಹಿಡಿಯಲು ಹೊಟ್ಟೆಗೆ ಅಂಟಿಸುವ ಚೀಲದ ತಟ್ಟೆಯನ್ನು ಕತ್ತರಿಸಬೇಕು. ದೊಡ್ಡದಾದರೆ ನಡುವಿನ ಚರ್ಮ ಮಲದಲ್ಲಿ ನೆನೆದು ಸುಲಿಯುತ್ತದೆ, ಸಣ್ಣದಾದರೆ ಅಂಚು ಕೊರೆಯುತ್ತದೆ. ಸುಕ್ಕಿರುವ ಕಡೆ ಪೇಸ್ಟ್ ತುಂಬಿ, ಚರ್ಮ ಒಣಗಿಸಿ, ಅಂಗೈಯ ಬಿಸಿಗೆ ತಟ್ಟೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಮೂರು ನಾಲ್ಕು ದಿನ ನಿಲ್ಲುತ್ತದೆ. ಈ ತಟ್ಟೆಗೆ ಹಿಂದೆ ಬಳಸುತ್ತಿದ್ದ ಅಂಟು ಭಾರತದ ಕಾಡುಮರದ ಕರಾಯ ಗೋಂದು. ಅದು ಚರ್ಮವನ್ನು ಕಾಯುತ್ತದೆಂದು 1950ರ ದಶಕದಲ್ಲಿ ಕಂಡುಕೊಂಡವರು ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ರೂಪರ್ಟ್ ಟರ್ನ್‌ಬುಲ್. ಅವರ ರೋಗಿಯಾಗಿದ್ದ ನಾರ್ಮಾ ಗಿಲ್ ಮುಂದೆ ಈ ಆರೈಕೆಯನ್ನೇ ವೃತ್ತಿಯಾಗಿಸಿ ಬೇರೆಯವರಿಗೂ ಕಲಿಸಿದರು. ಇಂಥ ತರಬೇತಿ ಪಡೆದ ನರ್ಸು ಇರುವ ಆಸ್ಪತ್ರೆ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇಂದಿಗೂ ವಿರಳ. ಆಪರೇಷನ್ನಿಗೆ ಸರ್ಕಾರದ ಯೋಜನೆಯಲ್ಲಿ ಹಣ ಸಿಕ್ಕರೂ ತಿಂಗಳು ತಿಂಗಳು ಬೇಕಾಗುವ ಚೀಲದ ಖರ್ಚು ಮನೆಯವರ ಹೆಗಲಿಗೆ ಬೀಳುತ್ತದೆ.

ಸೋಂಕು ಹತೋಟಿಗೆ ಬಂದು, ಊಟ ಸೇರತೊಡಗಿದರೆ, ಮುಚ್ಚಬಲ್ಲ ಫಿಸ್ಟುಲಾಗಳು ಹೆಚ್ಚಿನವು ನಾಲ್ಕರಿಂದ ಆರು ವಾರದಲ್ಲಿ ಮುಚ್ಚುತ್ತವೆ. ಮುಚ್ಚದಿದ್ದರೆ ಏನೋ ಅಡ್ಡಗಾಲು ಹಾಕಿದೆ ಎಂದರ್ಥ: ಒಳಗೆ ಉಳಿದ ಬಟ್ಟೆಚೂರು, ಜಾಲರಿ ಅಥವಾ ನುಂಗಿದ ಮೂಳೆ; ವಿಕಿರಣಕ್ಕೆ ಸುಟ್ಟ ಅಂಗಾಂಶ; ಬರಿದಾಗದ ಕೀವು; ಕ್ಷಯ, ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆ; ಕ್ಯಾನ್ಸರ್; ಫಿಸ್ಟುಲಾದ ಮುಂದೆ ಕರುಳು ಕಟ್ಟಿಕೊಂಡಿರುವುದು. ಕೊನೆಯದು ಸುಲಭವಾಗಿ ಮರೆತುಹೋಗುತ್ತದೆ. ಮುಂದಿನ ಬಾಗಿಲು ಮುಚ್ಚಿರುವ ತನಕ ಪಕ್ಕದ ಕಿಂಡಿ ಮುಚ್ಚುವುದಿಲ್ಲ. ಆಪರೇಷನ್ ಬೇಕಾದರೂ ಕಾಯಬೇಕು. ಮೊದಲ ಆಪರೇಷನ್ ಆದ ಎರಡನೇ ವಾರದಿಂದ ಆರನೇ ವಾರದವರೆಗೆ ಹೊಟ್ಟೆಯೊಳಗೆ ಎಲ್ಲವೂ ಅಂಟಿಕೊಂಡು, ಮುಟ್ಟಿದಲ್ಲೆಲ್ಲ ಹರಿಯುವಂತಿರುತ್ತದೆ. ಆ ಹೊತ್ತಿನಲ್ಲಿ ಕೈಹಾಕಿ ಒಂದು ತೂತು ಮುಚ್ಚಲು ಹೋದರೆ ಹೊಸದಾಗಿ ಮೂರು ಬೀಳುತ್ತವೆ. ಮೂರರಿಂದ ಆರು ತಿಂಗಳು ಕಾದು ಮಾಡಿದ ಆಪರೇಷನ್ನಿನ ಫಲಿತಾಂಶ ಅವಸರದ್ದಕ್ಕಿಂತ ಎಷ್ಟೋ ಮೇಲು ಎಂಬುದರಲ್ಲಿ ಭಿನ್ನಾಭಿಪ್ರಾಯ ಇಲ್ಲವೆಂದೇ ಹೇಳಬೇಕು. ಕಾಯಿಸುವ ಒತ್ತಡ ಮಾತ್ರ ಪೂರ್ತಿ ವೈದ್ಯರ ಮೇಲೆ. ‘ಇನ್ನೂ ಯಾಕೆ ಆಪರೇಷನ್ ಮಾಡ್ತಿಲ್ಲ ಡಾಕ್ಟ್ರೇ?’ ಎಂಬ ಪ್ರಶ್ನೆ ಪ್ರತಿ ರೌಂಡ್ಸಿನಲ್ಲೂ ಬರುತ್ತದೆ.

ಕ್ಯಾನ್ಸರ್ ಮೂಲದ ಫಿಸ್ಟುಲಾದಲ್ಲಿ ಕಾಯುವ ಪಾಠ ಇಷ್ಟೇ ಸಲೀಸಾಗಿ ಅನ್ವಯಿಸುವುದಿಲ್ಲ. ಗಡ್ಡೆ ಪಕ್ಕದ ಅಂಗಕ್ಕೆ ಅಂಟಿದ್ದರೆ ಅದು ಬರಿಯ ಊತವೋ ಕ್ಯಾನ್ಸರೋ ಎಂದು ಮೇಜಿನ ಮೇಲೆ ಕೈಯಿಂದ ಮುಟ್ಟಿ ಹೇಳಲಾಗದು. ಹಾಗಾಗಿ ಬಿಡಿಸದೆ, ಎರಡನ್ನೂ ಒಂದೇ ತುಂಡಾಗಿ ತೆಗೆಯಬೇಕು. ಬಿಡಿಸಿ ತೆಗೆದವರಲ್ಲಿ ಕ್ಯಾನ್ಸರ್ ಮರಳುವ ಸಂಭವ ಹೆಚ್ಚು. ಫಿಸ್ಟುಲಾ ಆಗಿದೆ ಎಂದಾಕ್ಷಣ ಕೈಬಿಡುವುದೂ ತಪ್ಪು. ಪಕ್ಕದ ಅಂಗಕ್ಕೆ ಹಬ್ಬಿದರೂ ದೂರಕ್ಕೆ ಹರಡದ ಗಡ್ಡೆಗಳು ಇರುತ್ತವೆ, ಪೂರ್ತಿ ತೆಗೆದರೆ ಅಂಥವರು ಹಲವು ವರ್ಷ ಬದುಕುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ವಿಕಿರಣದ ಫಿಸ್ಟುಲಾ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗಳಿಗೆ ಗರ್ಭಕೊರಳಿನ ಕ್ಯಾನ್ಸರ್ ಆಗಿ ಬರುವ ಹೆಂಗಸರ ಸಂಖ್ಯೆ ದೊಡ್ಡದು. ಬಹಳಷ್ಟು ಮಂದಿಗೆ ವಿಕಿರಣವೇ ಮುಖ್ಯ ಚಿಕಿತ್ಸೆ, ಅದೇ ಅವರನ್ನು ಉಳಿಸುತ್ತದೆ. ಕೆಲವರಲ್ಲಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ರಕ್ತನಾಳ ಬತ್ತಿದ ಜಾಗದಲ್ಲಿ ತೂತು ಬೀಳುತ್ತದೆ. ಮೊದಲು ನೋಡಬೇಕಾದ್ದು ಕ್ಯಾನ್ಸರ್ ಮರಳಿದೆಯೇ ಎಂದು. ಮರಳಿಲ್ಲವಾದರೂ ಅಲ್ಲಿ ಹಾಕಿದ ಹೊಲಿಗೆ ಹಿಡಿಯುವುದಿಲ್ಲ. ವಿಕಿರಣ ತಾಗದ ಅಂಗಾಂಶವನ್ನು ಬೇರೆಡೆಯಿಂದ ತಂದು ತುಂಬಬೇಕು, ಇಲ್ಲವೇ ಮಲವನ್ನು ಶಾಶ್ವತವಾಗಿ ಹೊಟ್ಟೆಯ ಮೇಲಿನ ಚೀಲಕ್ಕೆ ತಿರುಗಿಸಬೇಕು. ಚೀಲವೆಂದರೆ ಸೋಲು ಎಂದು ಭಾವಿಸುವವರು ಅದಿಲ್ಲದೆ ಆ ಹೆಂಗಸು ಕಳೆದ ಒಂದು ರಾತ್ರಿಯನ್ನು ನೋಡಿಲ್ಲ.

ಕ್ರೋನ್ಸ್ ಕಾಯಿಲೆಯಲ್ಲಿ ಔಷಧಿಗೆ ಪಾತ್ರವಿದೆ. ಫಿಸ್ಟುಲಾ ಇದ್ದು, ಇನ್ಫ್ಲಿಕ್ಸಿಮ್ಯಾಬ್ ಎಂಬ ಔಷಧಿಯ ಮೊದಲ ಡೋಸುಗಳಿಗೆ ಸ್ಪಂದಿಸಿದವರನ್ನು ಎರಡು ಗುಂಪು ಮಾಡಿ ನೋಡಿದ 2004ರ ಅಧ್ಯಯನದಲ್ಲಿ, ಔಷಧಿ ಮುಂದುವರಿಸಿದವರಲ್ಲಿ ನೂರಕ್ಕೆ 36 ಮಂದಿಗೆ 54 ವಾರದ ಕೊನೆಗೂ ಫಿಸ್ಟುಲಾ ಮುಚ್ಚಿತ್ತು, ನಿಲ್ಲಿಸಿದವರಲ್ಲಿ 19 ಮಂದಿಗೆ. ಅವು ಬಹುಪಾಲು ಗುದದ ಸುತ್ತಲಿನವು. ಒಳಗಿನ ಫಿಸ್ಟುಲಾಗಳು ಇಷ್ಟು ಸ್ಪಂದಿಸುವುದಿಲ್ಲ. ನಮ್ಮಲ್ಲಿ ಇನ್ನೊಂದು ತೊಡಕು: ಕರುಳಿನ ಕ್ಷಯವೂ ಕ್ರೋನ್ಸೂ ನೋಡಲು ಅವಳಿಗಳು. ಕ್ಷಯವಿದ್ದವರಿಗೆ ಈ ಔಷಧಿ ಕೊಟ್ಟರೆ ಕ್ಷಯ ಭುಗಿಲೇಳುತ್ತದೆ. ಮೊದಲು ಅದನ್ನು ತಳ್ಳಿಹಾಕಲೇಬೇಕು.

ಉಳಿದ ಕೆಲವನ್ನು ಸುಮ್ಮನೆ ಹೆಸರಿಸಿ ಮುಂದೆ ಹೋಗಬಹುದು. ಪಿತ್ತಕೋಶದ ಕಲ್ಲು ಕರುಳಿಗೆ ಕೊರೆದ ದಾರಿ ಪಿತ್ತಕೋಶದ ಆಪರೇಷನ್ ನಡುವೆ ಅಚಾನಕ್ಕಾಗಿ ಸಿಗುತ್ತದೆ. ಕಿಡ್ನಿ ಕಲ್ಲನ್ನು ಬೆನ್ನಿನಿಂದ ತೂತು ಕೊರೆದು ತೆಗೆಯುವಾಗ ಹಿಂದೆ ಜಾರಿದ ದೊಡ್ಡ ಕರುಳು ಸಿಕ್ಕಿಕೊಳ್ಳುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ನಳಿಕೆಯನ್ನು ಕರುಳಿನೊಳಕ್ಕೆ ಹಿಂದಕ್ಕೆಳೆದು, ಮೂತ್ರನಾಳಕ್ಕೆ ಸ್ಟೆಂಟ್ ಹಾಕಿ ಕಾದರೆ ಬಹುಪಾಲು ಆಪರೇಷನ್ ಇಲ್ಲದೆ ವಾಸಿ. ತೀವ್ರ ಮೇದೋಜೀರಕ ಉರಿಯೂತದಲ್ಲಿ ಬರುವುದು ಇದಕ್ಕೆ ತದ್ವಿರುದ್ಧ, ಸಾವುನೋವು ಹೆಚ್ಚು. ಜಠರಕ್ಕೂ ದೊಡ್ಡ ಕರುಳಿಗೂ ಬೀಳುವ ದಾರಿ ಹಿಂದೆ ಹುಣ್ಣಿನ ಆಪರೇಷನ್ ಆದವರಲ್ಲಿ ಕಾಣುತ್ತಿತ್ತು. ದಕ್ಷಿಣ ಭಾರತ ಒಂದು ಕಾಲಕ್ಕೆ ಸಣ್ಣ ಕರುಳಿನ ಹುಣ್ಣಿಗೆ ಹೆಸರಾಗಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿದ್ದ ಶಸ್ತ್ರಚಿಕಿತ್ಸಕ ಫ್ರಾಂಕ್ ಟೋವಿ ಅಕ್ಕಿಯ ಊಟಕ್ಕೂ ಹುಣ್ಣಿಗೂ ಇರುವ ನಂಟನ್ನು ವರ್ಷಗಟ್ಟಲೆ ಬೆನ್ನಟ್ಟಿದವರು. ಆಮ್ಲ ತಗ್ಗಿಸುವ ಮಾತ್ರೆಗಳು ಬಂದ ಮೇಲೆ ಹುಣ್ಣಿನ ಆಪರೇಷನ್ ಕಡಿಮೆಯಾಯಿತು, ಆ ಫಿಸ್ಟುಲಾವೂ ಬಹುತೇಕ ಮಾಯವಾಯಿತು.

ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಿಂದ ದೊಡ್ಡ ಕ್ಲಿಪ್ ಹಾಕಿ ಮುಚ್ಚುವ ತಂತ್ರದ ಜಾಹೀರಾತು ಈಗ ಜೋರು. 188 ರೋಗಿಗಳ 2014ರ ವರದಿ ಹೇಳುವುದು ಇಷ್ಟು: ಆಗಷ್ಟೇ ಬಿದ್ದ ತೂತಿನಲ್ಲಿ ನೂರಕ್ಕೆ 90 ಯಶಸ್ಸು, ಸೋರುವ ಹೊಲಿಗೆಯಲ್ಲಿ 73, ಹಳೆಯ ಫಿಸ್ಟುಲಾದಲ್ಲಿ 43. ಗಟ್ಟಿಯಾದ ಅಂಚುಗಳನ್ನು ಎಳೆದು ಕ್ಲಿಪ್ ಹಾಕಿದರೆ ಅದು ಜಾರುತ್ತದೆ. ಹೊಸ ತೂತಿಗೆ ಚಿನ್ನದಂಥ ಸಾಧನ, ಹಳೆಯ ಫಿಸ್ಟುಲಾಕ್ಕೆ ಅರ್ಧ ಭರವಸೆ.

ಇಷ್ಟೆಲ್ಲ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಇವುಗಳಲ್ಲಿ ಬಹುಪಾಲು ಒಂದೇ ಆಸ್ಪತ್ರೆಯ ಹಳೆಯ ಕೇಸ್ ಶೀಟುಗಳಿಂದ, ಹತ್ತಿಪ್ಪತ್ತು ವರ್ಷಗಳಲ್ಲಿ ಬಂದ ಕೆಲವು ಹತ್ತು ರೋಗಿಗಳನ್ನು ಒಟ್ಟುಹಾಕಿದವು. ದೊಡ್ಡ ಆಸ್ಪತ್ರೆಗೆ ತಲುಪದವರು, ಆಪರೇಷನ್ ತಾಳಲಾರದೆ ಮನೆಗೆ ಹೋದವರು ಲೆಕ್ಕದಲ್ಲಿಲ್ಲ. ಡೈವರ್ಟಿಕ್ಯುಲಾ, ಕ್ಯಾನ್ಸರ್, ವಿಕಿರಣ ಮೂರನ್ನೂ ಒಂದೇ ಪಟ್ಟಿಗೆ ಹಾಕಿ ‘ಯಶಸ್ಸು ಇಷ್ಟು’ ಎಂದರೆ ಆ ಸಂಖ್ಯೆ ಯಾವ ರೋಗಿಯದೂ ಅಲ್ಲ. ಯಶಸ್ಸಿನ ಅಳತೆಯೂ ಒಂದೇ ಅಲ್ಲ. ಮೂವತ್ತು ದಿನ ಬದುಕಿದರೆ ಯಶಸ್ಸೇ, ಫಿಸ್ಟುಲಾ ಮುಚ್ಚಿದರೆ ಯಶಸ್ಸೇ, ಒಂದು ವರ್ಷದ ನಂತರ ಚೀಲವಿಲ್ಲದೆ ಓಡಾಡಿದರೆ ಯಶಸ್ಸೇ? ತಾತ್ಕಾಲಿಕವೆಂದು ಹೇಳಿ ಹಾಕಿದ ಚೀಲಗಳಲ್ಲಿ ಕರುಳಿನ ಕೆಳತುದಿ ಮುಚ್ಚುವ ಹಾರ್ಟ್‌ಮನ್ ಆಪರೇಷನ್ನಿನವು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಎಂದೂ ತೆಗೆಯಲ್ಪಡುವುದಿಲ್ಲ. ಆ ಮಾತನ್ನು ರೋಗಿಗೆ ಆಪರೇಷನ್ನಿಗೆ ಮುಂಚೆಯೇ ಹೇಳಬೇಕು. ನಮ್ಮ ದೊಡ್ಡ ಸರ್ಕಾರಿ ಆಸ್ಪತ್ರೆಗಳೆಲ್ಲ ಸೇರಿ ಇಂಥ ರೋಗಿಗಳ ಒಂದು ಸಾಮಾನ್ಯ ದಾಖಲೆ ಇಟ್ಟರೆ, ಕ್ಷಯ ಮತ್ತು ವಿಕಿರಣದ ಫಿಸ್ಟುಲಾಗಳ ಬಗ್ಗೆ ಪಾಶ್ಚಾತ್ಯರು ಹೇಳಲಾರದ್ದನ್ನು ನಾವು ಹೇಳಬಹುದು.

ಓದುಗರಿಗೆ ಒಂದು ಮಾತು. ಮೂತ್ರದಲ್ಲಿ ಗಾಳಿಯೋ ಮಲದ ಕಣವೋ ಕಂಡರೆ, ಅಥವಾ ಆರು ತಿಂಗಳಲ್ಲಿ ಮೂರನೇ ಸಲ ಉರಿಮೂತ್ರ ಬಂದಿದ್ದರೆ, ಮತ್ತೊಂದು ಸುತ್ತು ಆಂಟಿಬಯೋಟಿಕ್ ನುಂಗಿ ಸುಮ್ಮನಾಗಬೇಡಿ. ನಾಚಿಕೆ ಬಿಟ್ಟು ವೈದ್ಯರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಹೊಟ್ಟೆಯ ಸಿಟಿ ಸ್ಕ್ಯಾನ್ ಬೇಕೇ ಎಂದು ನೀವೇ ಕೇಳಿ. ಫಿಸ್ಟುಲಾ ಸಿಕ್ಕಿತೆಂದರೆ ಕೊಲೊನೊಸ್ಕೋಪಿ ಆಗುವ ತನಕ ಬಿಡಬೇಡಿ.